ವೇದಿಕೆಗೆ ಬೆನ್ನು ಹಾಕಿ

ನಮ್ಮಜ್ಜಿ ಆರ್ಡೀಲಿಯಾ, ಅಮೆರಿಕದ ಡರ್ಹ್ಯಾಮ್ ಊರಿನ ನಮ್ಮ ಕರಿಯರ ಚರ್ಚಿನಲ್ಲಿ ನಲವತ್ತು ವರ್ಷ ಸ್ವಯಂಸೇವಕಿಯಾಗಿದ್ದಳು. ಬಿಳಿ ಕೈಗವಸು ತೊಟ್ಟು, ಪಾದ್ರಿಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ನಿಲ್ಲಬೇಕು. ಪ್ರವಚನ ಕೇಳುತ್ತ ಭಾವಾವೇಶದಿಂದ ಕುಸಿದವರನ್ನು ಹಿಡಿದುಕೊಂಡು ಗಾಳಿ ಬೀಸಬೇಕು. ವಾರವೆಲ್ಲ ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಮಾಡಿದವಳು ಭಾನುವಾರವೂ ನಿಲ್ಲುತ್ತಿದ್ದಳು. ಸಾವಿರದ ಒಂಬೈನೂರ ಅರವತ್ತಮೂರರ ಆಗಸ್ಟಿನಲ್ಲಿ ಕರಿಯರ ಹಕ್ಕುಗಳಿಗಾಗಿ ವಾಷಿಂಗ್ಟನ್ನಿನಲ್ಲಿ ನಡೆದ ಆ ದೊಡ್ಡ ಸಭೆಗೆ ಹೋದಾಗಲೂ ಅದೇ ಕೈಗವಸು, ಅದೇ ಕೆಲಸ.

ಹತ್ತು ವರ್ಷದ ಮೇಲೆ, ಆ ಸಭೆಯ ಹೆಸರಾಂತ ಭಾಷಣ ಜನರನ್ನು ಗೆದ್ದದ್ದು ತರ್ಕದಿಂದಲೋ, ಭಾವನೆಯಿಂದಲೋ, ಮಾತಾಡಿದವರ ಮೇಲಿನ ನಂಬಿಕೆಯಿಂದಲೋ ಎಂದು ಬರೆದು ತರಲು ನನ್ನ ಶಾಲೆಯಲ್ಲಿ ಹೇಳಿದರು. ಅಜ್ಜಿಯನ್ನು ಕೇಳಿದೆ. ಅವಳು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದಳು.

“ಬೆನ್ನು ಹಾಕಿ ನಿಂತೋಳ್ನ ಕೇಳ್ತೀಯಲ್ಲೇ,” ಎಂದು ಗೊಣಗಿದಳು. “ಸರ್ಕಾರ ಕೊಟ್ಟ ಮಾತು ತಪ್ಪಿದ್ದನ್ನ ಹೇಳ್ದಾಗ ಗಂಡಸರು ತಲೆದೂಗಿದ್ರು. ಮಕ್ಕಳ ಮಾತು ಬಂದಾಗ ಹೆಂಗಸರು ಕುಸಿದ್ರು, ನನ್ನ ಬೀಸಣಿಗೆ ಮುರೀತು. ನಂಬಿಕೆನಾ? ಅಷ್ಟು ಬಿಸಿಲಲ್ಲಿ ನನ್ನ ಸಾಲಿಂದ ಒಬ್ರೂ ಎದ್ದು ಹೋಗ್ಲಿಲ್ಲ. ಬರ್ಕೋ.”

“ನೀನೂ ಅತ್ತ್ಯಾ, ಅಜ್ಜಿ?”

ಅವಳು ಬಾತ ಪಾದಗಳನ್ನು ನಿಧಾನವಾಗಿ ಒರೆಸಿಕೊಂಡಳು.

“ಡ್ಯೂಟಿಲಿದ್ದೋರು ಅಳೋ ಹಾಗಿಲ್ಲ ಕಣೇ. ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.”