ತಣ್ಣೀರಿನ ಚೊಂಬು ಅಲ್ಲೇ ಇತ್ತು

ನಾನು ಕೋರ್ಟಿನಲ್ಲಿ ಒಪ್ಪಿಕೊಂಡದ್ದು ಅರ್ಧ ಮಾತ್ರ, ಪುಟ್ಟಮ್ಮ. ಕುದಿಯುವ ನೀರನ್ನು ನಿನ್ನ ಮೇಲೆ ಎರಚಿದೆ ಅಂತ ಒಪ್ಪಿಕೊಂಡೆ. ಯಾವುದು ಕುದಿಯುವ ನೀರು ಅಂತ ನೋಡಿ, ತಿಳಿದೇ ಎತ್ತಿದೆ — ಅದನ್ನು ಬಾಯಿಬಿಡಲಿಲ್ಲ.

ಈಗಲೂ ಬಿಡುತ್ತಿರಲಿಲ್ಲವೇನೋ. ಆದರೆ ಈ ಜನ ನನ್ನನ್ನು ಹೊಗಳಿ ಹೊಗಳಿ ತಲೆ ಚಿಟ್ಟು ಹಿಡಿಸಿದ್ದಾರೆ. ಜೈಲಿನಿಂದ ಬಂದವಳ ಮುಖಕ್ಕೆ ಉಗಿಯಬೇಕಾದವರು! ನಮ್ಮ ಅತ್ತೆಗಂತೂ ಬಂದವರ ಮುಂದೆಲ್ಲ ಅದೇ ಪುರಾಣ: "ನಮ್ ರತ್ನಂದು ಎಂಥಾ ಗುಣ ನೋಡ್ರವ್ವ, ಒಂದೇ ಮಾತ್ಗೆ ಒಪ್ಕಂಡ್ಬುಟ್ಲು." ಅದೇ ಬಾಯಲ್ಲಿ ನಿನ್ನ ಬಗ್ಗೆ — "ಆ ಪುಟ್ಟಿ ಇನ್ನೂವೆ ಹಗೆ ಬುಟ್ಟಿಲ್ಲ. ಬೇಕೂಂತ್ಲೇ ಬಿಸ್ನೀರು ಆರಿಸ್ಕಂಡ್ಲು ಅಂತ ಸುಳ್ಳು ಹೇಳ್ಕಂಡು ತಿರುಗ್ತಾಳೆ." ನಾನು ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿರುತ್ತೇನೆ.

ಜಗಳವಾದರೂ ಎಂಥದು? ಕೂರುವ ಜಾಗದ್ದು. ರಾಮನಗರದ ನಮ್ಮ ರೇಷ್ಮೆ ಶೆಡ್ಡಿನಲ್ಲಿ ಬಾಗಿಲ ಪಕ್ಕದ, ನೂಲು ತೆಗೆಯುವ ಬಿಸಿನೀರಿನ ಬೇಸಿನ್ನು ನನ್ನದು, ಅಲ್ಲಿ ಒಂದಿಷ್ಟು ಗಾಳಿ. ಕಬ್ಬಾಳಮ್ಮನಿಗೆ ಹರಕೆ ಒಪ್ಪಿಸಿ ಬರುವಷ್ಟರಲ್ಲಿ ನೀನು ಕೂತಿದ್ದೆ. ನಾನು ಏಳು ಅಂದರೆ ನೀನು, "ಜಾಗದ್ ಮ್ಯಾಲೆ ನಿನ್ ಹೆಸ್ರು ಬರ್ದೈತಾ?" ಅಂದೆ. ಎಲ್ಲರೂ ನಕ್ಕರು. ಅಷ್ಟೇ.

ಬೆಂದ ಗೂಡಿನಿಂದ ಎಳೆ ತೆಗೆಯುವವರಿಗೆ ಸುಟ್ಟ ಬೆರಳು ಅದ್ದಲು ಒಂದು ಚೊಂಬು ತಣ್ಣೀರು ಪಕ್ಕದಲ್ಲಿರಲೇಬೇಕು. ಅವತ್ತು ಅದರ ಪಕ್ಕದಲ್ಲೇ ಬೇಸಿನ್ನಿಗೆ ಸುರಿಯಲು ಒಲೆಯಿಂದ ತಂದಿಟ್ಟ ಇನ್ನೊಂದು ಚೊಂಬು. ಎರಡೂ ಸ್ಟೀಲಿನವು, ಒಂದೇ ಅಳತೆ; ಶೆಡ್ಡೆಲ್ಲ ಹಬೆ, ಕಣ್ಣಿಗೆ ಗುರುತು ಸಿಗದು. ಕೈಗೆ ಮೊದಲು ಸಿಕ್ಕಿದ್ದಕ್ಕೆ ಬೆರಳು ಅದ್ದಿದೆ. ತಣ್ಣಗಿತ್ತು. ಅದನ್ನು ಬಿಟ್ಟೆ — ಇನ್ನೊಂದನ್ನು ಎತ್ತಿದೆ. ಬೆರಳು ಅದ್ದುವುದು ನಮಗೆ ದಿನವಿಡೀ ಇದ್ದದ್ದೇ, ಯಾರೂ ಗಮನಿಸಲಿಲ್ಲ. ನೀನೊಬ್ಬಳು ನೋಡಿದೆ. ನಾನು ಯಾಕೆ ಅದ್ದಿದೆ ಅನ್ನುವುದೂ ನಿನಗೆ ಗೊತ್ತಾಯಿತು.

ನನ್ನ ವಕೀಲರು, "ಒಪ್ಕೊಂಡ್ಬಿಡಮ್ಮ. ಸಾಕ್ಷಿಗೆ ಕರೆಸಿದ್ರೆ ಆಯಮ್ಮ ಏನೇನ್ ಹೇಳ್ತಾಳೋ" ಅಂದರು. ನೀನು ಏನು ಹೇಳುತ್ತೀಯ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಒಪ್ಪಿಕೊಂಡೆ, ಆರೋಪ ಓದಿದ ದಿನವೇ. "ಸಿಟ್ಟಲ್ಲಿ ಕೈಗ್ ಸಿಕ್ಕಿದ್ದು ಎರಚ್ಬುಟ್ಟೆ ಸ್ವಾಮಿ." ಅಳು ಕೂಡ ಬಂತು, ನಿಜವಾದ ಅಳು. ಮೊದಲೇ ತಪ್ಪೊಪ್ಪಿಕೊಂಡಿದ್ದಾಳೆ, ಪಶ್ಚಾತ್ತಾಪ ಕಾಣುತ್ತಿದೆ, ಯೋಚಿಸಿ ಮಾಡಿದ್ದಲ್ಲ ಎಂದು ನ್ಯಾಯಾಧೀಶರು ಶಿಕ್ಷೆ ಕಡಿಮೆ ಮಾಡಿದರು. ನೀನು ಸುಟ್ಟ ಕುತ್ತಿಗೆಗೆ ಸೆರಗು ಹೊದ್ದುಕೊಂಡು ಹೊರಗಿನ ಬೆಂಚಿನಲ್ಲಿ ಕೂತೇ ಇದ್ದೆ, ಕರೆಯುತ್ತಾರೆ ಅಂತ. ಕರೆಯಲಿಲ್ಲ.

ಮೊನ್ನೆ ಹಾರೋಹಳ್ಳಿ ಬಸ್ಸಿನಲ್ಲಿ ನಿನ್ನ ಗಂಡನೇ ರೇಗುತ್ತಿದ್ದ. "ಬುಟ್ಬುಡು ಅತ್ಲಾಗೆ. ಅವ್ಳೇ ಒಪ್ಕಂಡವ್ಳೆ, ಇನ್ನೇನ್ ಬೇಕು ನಿಂಗೆ?"

"ಯಾವ್ ಚೊಂಬು ಅಂತ ಒಬ್ರಾದ್ರೂ ಕೇಳಿದ್ರಾ?" ಅಂದೆ ನೀನು.

ಅವನು ಕಿಟಕಿಯ ಕಡೆ ತಿರುಗಿಬಿಟ್ಟ. ನಾನು ನಿಮ್ಮ ಹಿಂದಿನ ಸೀಟಿನಲ್ಲೇ ಇದ್ದೆ, ಪುಟ್ಟಮ್ಮ. ಒಂದು ಮಾತು — ಒಂದೇ ಒಂದು ಮಾತು ಸಾಕಿತ್ತು. ಮುಸುಕು ಎಳೆದುಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಥೂ, ನನ್ನ ಜನ್ಮಕ್ಕೆ.

ಶಾಖ ತಾಗಿದರೆ ಕುತ್ತಿಗೆ ಉರಿಯುತ್ತದೆ ಅಂತ ನೀನೀಗ ಮೂಲೆಯಲ್ಲಿ ಕೂತು ಗೂಡು ಆರಿಸುತ್ತೀಯಂತೆ. ನಾವು ಕಿತ್ತಾಡಿದ ಆ ಜಾಗದಲ್ಲಿ ಈಗ ಇನ್ಯಾರೋ ಕೂರುತ್ತಾರೆ.

ನಾಳೆ ಒಲೆ ಹಚ್ಚುವ ಹೊತ್ತಿಗೆ ಶೆಡ್ಡಿಗೆ ಬರುತ್ತೇನೆ, ಎಲ್ಲರೂ ಇರುವಾಗ. ಕ್ಷಮೆ ಕೇಳುವುದಕ್ಕಲ್ಲ, ಅದನ್ನು ಕೋರ್ಟಿನಲ್ಲಿ ಕೇಳಿ ಲಾಭ ಮಾಡಿಕೊಂಡಾಗಿದೆ. ಪುಟ್ಟಮ್ಮ ಹೇಳುತ್ತಿರುವುದೇ ನಿಜ, ನಾನು ಬೆರಳಿಟ್ಟು ನೋಡಿ ಎತ್ತಿದೆ ಅಂತ ಹೇಳುತ್ತೇನೆ. ಅದಕ್ಕೂ ಯಾವಳಾದರೂ "ಎಂಥಾ ಗುಣ" ಅಂದರೆ — ಪುಟ್ಟಮ್ಮನ ಕುತ್ತಿಗೆ ನೋಡಿ ಆ ಮಾತು ಆಡು ಅನ್ನುತ್ತೇನೆ.