ಪಕ್ಕದ ಸೀಟಿನ ತಂಪು

"ಗಂಡನಿಗೆ ಕಿವಿ ಮಂದ, ಹೆಂಡತಿಯ ಬಾಯಿಗೆ ಬಿಡುವಿಲ್ಲ. ಅಳೆದು ತೂಗಿ ಗಂಟು ಹಾಕಿದ ಜೋಡಿ!" ಎಂದು ಬೀದಿಯವರು ನಗುತ್ತಿದ್ದರು. ಕಾರಿನ ಎಸಿ ರಿಪೇರಿಯ ಮೇಸ್ತ್ರಿ ಅವನು. ಶೆಡ್ಡಿನ ಗದ್ದಲದಲ್ಲೇ ಹರೆಯ ಕಳೆದು, ಸಣ್ಣ ಸದ್ದುಗಳೆಲ್ಲ ಅವನ ಪಾಲಿಗೆ ಸತ್ತುಹೋಗಿದ್ದವು. ಹಾಗಾಗಿ ಯಾರದೇ ಕಾರು ಬರಲಿ, ಓಡಿಸಿ ನೋಡುವಾಗ ಹೆಂಡತಿ ಪಕ್ಕದಲ್ಲಿ ಕೂತಿರಬೇಕು. ಅವನು ಗಾಳಿಗೆ ಮುಂಗೈ ಹಿಡಿಯುವನು. ಅವಳು ಡ್ಯಾಶ್‌ಬೋರ್ಡಿಗೆ ಕಿವಿ ಕೊಡುವಳು. "ಫ್ಯಾನಲ್ಲಿ ಏನೋ ಕೆರೀತಿದೆ ರೀ" ಎಂದಳೋ, ಬಿಚ್ಚಿದರೆ ಅಲ್ಲೇ ರೋಗ.

"ಊರವರ ಕಾರಲ್ಲೆಲ್ಲ ಹನಿಮೂನ್ ಮುಗಿಸ್ಕೊಂಡು ಬಂದ್ರು ನೋಡಿ" ಎಂದು ಎದುರುಮನೆಯ ಅಜ್ಜಿ ಛೇಡಿಸಿದರೆ, "ಪೆಟ್ರೋಲು ಅವರದ್ದೇ ಅಜ್ಜಿ, ನಮಗೇನು ನಷ್ಟ?" ಎಂದು ಇವಳು ಕಿಸಕ್ಕನೆ ನಗುವಳು.

ಆ ನಗು ಈಗ ಬತ್ತಿತ್ತು. ಅವಳ ಹೊಟ್ಟೆಯೊಳಗಿನ ಗಡ್ಡೆ ಯಾವ ಮದ್ದಿಗೂ ಬಗ್ಗಲಿಲ್ಲ. ಡಾಕ್ಟರು ಕೈಚೆಲ್ಲಿ, ನೋವಾದರೂ ಕಡಿಮೆಯಾಗಲಿ ಎಂದು ಊರಾಚೆಯ ಆರೈಕೆ ಮನೆಯಲ್ಲಿ ಹಾಸಿಗೆ ಗೊತ್ತುಮಾಡಿಕೊಟ್ಟರು. ಅಲ್ಲಿಗೆ ಹೋದವರು ಮರಳಿ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಅವಳಿಗೆ ಮೈಯೆಲ್ಲ ಉರಿ. ಒದ್ದೆ ಬಟ್ಟೆ ಹಾಕಿದ ಗಳಿಗೆಯಷ್ಟೇ ಹಿತ. ನಾಳೆ ಬಿಸಿಲಿನಲ್ಲಿ ಅಷ್ಟು ದೂರ ಹೋಗಬೇಕು. ಎರಡು ಬದಿಗೂ ಬೇರೆ ಬೇರೆ ಎಸಿ ಗುಂಡಿಯಿದ್ದ ಅವರ ಹಳೇ ಕಾರಿನಲ್ಲೋ, ಓಡಿಸುವವನ ಕಡೆ ಮಂಜಿನಂಥ ಗಾಳಿ, ಪಕ್ಕದ ಸೀಟಿಗೆ ಮಾತ್ರ ಒಲೆಯ ಮುಂದೆ ಕೂತ ಹಾಗೆ.

ಅವಳನ್ನು ಬೇಯಿಸಿಕೊಂಡು ಕರೆದೊಯ್ಯುವುದುಂಟೇ? ಹೊರಡುವ ಮುನ್ನಾದಿನ ಬೆಳಗ್ಗೆಯೇ ಮೇಸ್ತ್ರಿ ಬಾನೆಟ್ ಎತ್ತಿದ. ಗ್ಯಾಸ್ ಇಳಿದಿರಬೇಕೆಂದು ಮೀಟರ್ ಹಾಕಿದ, ಸರಿಯಾಗಿತ್ತು. ಫಿಲ್ಟರ್ ಬದಲಿಸಿದ, ಕೂಲಿಂಗ್ ಕಾಯಿಲ್ ತೊಳೆದ. ಹೊತ್ತು ಇಳಿದರೂ ಆ ಕಡೆ ಅದೇ ಬಿಸಿ. ಅವಳಿಲ್ಲದೆ ಒಂಟಿಯಾಗಿ ಹುಡುಕಿದ್ದು ಇದೇ ಮೊದಲು. ಸ್ಪ್ಯಾನರ್ ಬಿಸಾಡಿ ನೆಲಕ್ಕೆ ಕೂತುಬಿಟ್ಟ.

ಕಿಟಕಿಯ ಸರಳಿಗೆ ಅವಳು ಲೋಟವನ್ನು ಜೋರಾಗಿ ಬಡಿದ ಸದ್ದಾಯಿತು. ಒಳಗೆ ಓಡಿದ.

"ನನ್ನ ಬಿಟ್ಟು ಹುಡುಕಿದ್ರೆ ಸಿಗುತ್ತಾ? ಎತ್ಕೊಂಡು ಹೋಗಿ ಕೂರಿಸಿ."

"ಬೇಡ ಕಣೇ, ಸುಸ್ತಾಗುತ್ತೆ."

"ಮಲಗಿದ್ರೆ ಆಗಲ್ವಾ ಸುಸ್ತು?"

ಎತ್ತಿಕೊಂಡ. ಕಳಚಿದ ಕಾರಿನ ಸೀಟೂ ಅವಳಿಗಿಂತ ಭಾರವಿರುತ್ತಿತ್ತು. ಕೂತವಳು ಕಣ್ಣುಮುಚ್ಚಿದಳು. "ತಣ್ಣಗೆ ತಿರುಗಿಸಿ. ಈಗ ಬಿಸಿಗೆ. ಮತ್ತೆ ತಣ್ಣಗೆ... ನನ್ನ ಮೊಣಕಾಲಿನ ಮುಂದೆ ಟಕ್ ಟಕ್ ಅಂತಿದೆ ರೀ. ಏನೋ ತಿರುಗಕ್ಕೆ ಹೋಗಿ ಜಾರ್ತಿದೆ."

"ಅಯ್ಯೋ, ಫ್ಲಾಪ್ ಮೋಟಾರು!" ಎಂದು ಹಣೆ ಬಡಿದುಕೊಂಡ.

ಅವಳ ಮುಂದಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಕಳಚಿ ನೋಡಿದರೆ, ಬಿಸಿಗಾಳಿ ತಡೆಯುವ ಪುಟ್ಟ ಮುಚ್ಚಳವನ್ನು ತಿರುಗಿಸುವ ಮೋಟಾರಿನ ಹಲ್ಲುಗಳು ಸವೆದುಹೋಗಿದ್ದವು. ಹೊಸದು ಬರಲು ವಾರವಾದರೂ ಬೇಕು. ಅವನು ಮುಚ್ಚಳವನ್ನು ಬೆರಳಿನಿಂದಲೇ ತಂಪಿನ ಕಡೆಗೆ ದೂಡಿ, ತಂತಿಯಿಂದ ಬಿಗಿದ.

"ನೋಡು, ಇನ್ಮೇಲೆ ನಿನ್ನ ಕಡೆ ಬರೀ ತಂಪೇ. ಬಿಸಿ ಬೇಕಂದ್ರೂ ಬರಲ್ಲ."

"ಇನ್ನು ಯಾವ ಚಳಿಗಾಲ ನೋಡ್ಬೇಕು ನಾನು, ಬಿಡಿ."

ಅವನು ಕೇಳಿಸದವನ ಹಾಗೆ ತಂತಿಯನ್ನು ಇನ್ನೊಂದು ಸುತ್ತು ಸುತ್ತಿದ.

ಬೆಳಗಾಗುವಷ್ಟರಲ್ಲಿ ಅವಳ ಉರಿ ಇಳಿದಿತ್ತು. ಮೈ ತಣ್ಣಗೆ, ಬೆರಳ ತುದಿ ನೀಲಿ. ಎದುರುಮನೆಯ ಅಜ್ಜಿ ತನ್ನ ಶಾಲು ತಂದು ಅವಳ ಕಿವಿಯವರೆಗೂ ಹೊದಿಸಿದಳು. ಕಾರು ಚಾಲೂ ಮಾಡಿದ್ದೇ, ಪಕ್ಕದ ಸೀಟಿಗೆ ಗಾಳಿ ರೊಯ್ಯನೆ ಬಂತು. ಅವಳು ಗಡಗಡ ನಡುಗಿದಳು. ಅವನು ಆರಿಸಲು ಕೈ ಚಾಚಿದ. ಅವಳು ಆ ಕೈ ಹಿಡಿದುಕೊಂಡಳು.

"ಇರ್ಲಿ."

"ನಡುಗ್ತಿದ್ದೀಯಲ್ಲೇ!"

"ನಡುಗ್ತೀನಿ. ನಿನ್ನೆಯೆಲ್ಲ ಒದ್ದಾಡಿ ಮಾಡಿದ್ದೀರ, ನನಗೆ ಬೇಕು."

ಅವನು ಇನ್ನೊಂದು ಕೈಯಿಂದ ತನ್ನ ಕಡೆಯ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿ ಬರುವ ಜಾಲರಿಯನ್ನು ಅವಳತ್ತ ಹೊರಳಿಸಿದ. ಕಾರು ಗೇಟು ದಾಟಿತು. ಗೇರು ಬದಲಿಸಲು ಅವಳು ಹಿಡಿದಿದ್ದ ಕೈಯೇ ಬೇಕಿತ್ತು. ಅವಳು ಬಿಡಲಿಲ್ಲ, ಅವನೂ ಬಿಡಿಸಿಕೊಳ್ಳಲಿಲ್ಲ. ಬೀದಿಯ ಉದ್ದಕ್ಕೂ ಮೊದಲ ಗೇರಿನಲ್ಲೇ ಹೋದ.