ಕುಂಕುಮ ಮೆತ್ತಿದ ಕಂಪ್ಯೂಟರ್

ನೆಟ್‌ವರ್ಕ್ ವೈರ್ ಸಿಕ್ಕಿಸುವ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ, ಒಣಗಿ ಗಟ್ಟಿಯಾದ ಕುಂಕುಮ! ಗೌರಿಬಿದನೂರಿನ ಕಚೇರಿಯೊಂದರ ಹನ್ನೆರಡು ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ಮೂಲಕ ಒಟ್ಟಿಗೇ ಹೊಸ ವಿಂಡೋಸ್ ಹಾಕಲು ಹೋಗಿದ್ದೆ. ಹನ್ನೊಂದು ತಮ್ಮಷ್ಟಕ್ಕೆ ತಾವೇ ಮುಗಿಸಿಕೊಂಡಿದ್ದವು. ಮೂಲೆಯ ಇದೊಂದು ಮಾತ್ರ ಬೆಳಿಗ್ಗೆಯಿಂದ ಸತಾಯಿಸುತ್ತಿತ್ತು.

“ಯಾರ್ರೀ ಇದಕ್ಕೆ ಇಷ್ಟು ಕುಂಕುಮ ಮೆತ್ತಿದ್ದು?” ಎಂದು ರೇಗಿದೆ.

ಅಟೆಂಡರ್ ಲಕ್ಷ್ಮೀದೇವಮ್ಮ ಮುಂದೆ ಬಂದರು. “ನಾನೇ ಕಣಪ್ಪ. ಆಯುಧಪೂಜೆಗೆ ಎಲ್ಲಾದಕ್ಕೂ ಇಡ್ತೀನಿ, ಇದಕ್ಕೆ ಒಂಚೂರು ಜಾಸ್ತಿ. ನಮ್ಮ ಯಜಮಾನ್ರು ಕೂತ್ಕೊಳ್ತಿದ್ದ ಮಿಷನ್ನು. ಅವರು ತೀರ್ಕೊಂಡು ನನಗೆ ಈ ಕೆಲಸ ಬಂದ್ಮೇಲೆ ಇದನ್ಯಾರೂ ಮುಟ್ಟಲ್ಲ. ದಿನಾ ಬೆಳಿಗ್ಗೆ ನಾನೇ ಆನ್ ಮಾಡ್ತೀನಿ, ಅವರ ಹೆಸರು ಬರ್ತದೆ. ಹೊಸದು ಹಾಕಿದ್ರೆ ಅದು ಹೋಗ್ಬಿಡ್ತದೇನಪ್ಪ?”

“ನೋಡೋಣ ಇರಮ್ಮ” ಎಂದೆ. ಹಳೆಯ ಬ್ರಷ್ಷಿನಿಂದ ಕುಂಕುಮ ಕೆರೆದು ವೈರ್ ಸಿಕ್ಕಿಸಿದೆ. ಮಧ್ಯಾಹ್ನದ ಹೊತ್ತಿಗೆ ಅದರ ಕೆಲಸವೂ ಮುಗಿಯಿತು. ಬಳಸುವವರ ಹೆಸರಿನ ಜಾಗದಲ್ಲಿ ಉಳಿದವುಗಳಂತೆ ಇದಕ್ಕೂ ಒಂದು ನಂಬರ್ ಬಿದ್ದಿತ್ತು. ಅದನ್ನು ಅಳಿಸಿ, “ಯಜಮಾನರ ಹೆಸರೇನಮ್ಮ?” ಎಂದೆ.

ಗಂಡನ ಹೆಸರನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು, ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒಂಬತ್ತು ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರು. ಒಂದೂ ತಪ್ಪಿರಲಿಲ್ಲ.

ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲವೆಂದು ಆಮೇಲೆ ಗೊತ್ತಾಯಿತು. ದಿನಾ ಬೆಳಿಗ್ಗೆ ನೋಡಿ ನೋಡಿ ಅವರು ಕಲಿತದ್ದು ಆ ಒಂಬತ್ತೇ ಅಕ್ಷರ.